ಬರೆಯದೆ ಉಳಿದ ಆತ್ಮಕಥೆ

ತಲೆಮರೆಸಿಕೊಂಡು ದೇಶದೇಶಗಳನ್ನು ಅಲೆದವರ ಆತ್ಮಕಥೆಗಳಿಗೆ ಓದುಗರ ಬರ ಎಂದೂ ಬಂದಿಲ್ಲ. ಸುಳ್ಳು ಹೆಸರು, ಗಡಿ ದಾಟಿದ ರಾತ್ರಿ, ಬೆನ್ನುಬಿಡದ ಗೂಢಚಾರ, ಇವೆಲ್ಲ ಪತ್ತೇದಾರಿ ಕಾದಂಬರಿಯಂತೆಯೇ ಓದಿಸಿಕೊಂಡು ಹೋಗುತ್ತವೆ. ಆದರೆ ಒಂದು ಮಾತನ್ನು ನಾವು ಮರೆಯುತ್ತೇವೆ. ಓಟ ನಿಲ್ಲಿಸಿ ಕುಳಿತವನಿಗೆ ಮಾತ್ರ ಬರೆಯುವ ಬಿಡುವು. ಕೂರಲು ನೆಲವೇ ಸಿಗದವನ ಕಥೆಯನ್ನು ಬರೆಯುವವರಾರು?

ಅಂಥವರೊಬ್ಬರು ನಮ್ಮ ಹೈದರಾಬಾದಿನವರೇ. ನಾಂಪಲ್ಲಿಯ ‘ಗೋಲ್ಡನ್ ಥ್ರೆಶೋಲ್ಡ್’ ಮನೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಆರಂಭವಾದದ್ದು ಅಲ್ಲಿಯೇ. ಸರೋಜಿನಿ ನಾಯಿಡು ಅವರ ಮನೆಯೆಂದು ಅದು ಪ್ರಸಿದ್ಧ. ಸರೋಜಿನಿಯವರ ಕಿರಿಯ ತಮ್ಮ ಹರೀಂದ್ರನಾಥರ ಕೈಹಿಡಿದವರು ಮಂಗಳೂರಿನ ಕಮಲಾದೇವಿ; ಹೀಗಾಗಿ ಕನ್ನಡಿಗರಿಗೆ ಅದು ಬೀಗರ ಮನೆಯೂ ಹೌದು. ಇನ್ನೊಬ್ಬ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯರನ್ನು ಮಾತ್ರ ನೆನೆಯುವವರು ವಿರಳ.

ಗಡೀಪಾರು ಆ ಮನೆತನಕ್ಕೆ ಹೊಸದಲ್ಲ. ತಂದೆ ಅಘೋರನಾಥರು ಇಂದಿನ ನಿಜಾಂ ಕಾಲೇಜಿಗೆ ಬುನಾದಿ ಹಾಕಿದ ವಿದ್ವಾಂಸರು. ಚಾಂದಾ ರೈಲ್ವೆ ಯೋಜನೆಯನ್ನು ವಿರೋಧಿಸಿದ್ದಕ್ಕಾಗಿ 1883ರಲ್ಲಿ ಅವರನ್ನು ಸಂಸ್ಥಾನದಿಂದ ಹೊರಹಾಕಲಾಯಿತು. ಮುಂದೆ ಅವರಿಗೆ ಮರಳಿ ಕರೆ ಬಂತು. ಬಂದು ಮತ್ತೆ ಪಾಠ ಹೇಳಿದರು. ಮಗನಿಗೆ ಆ ಭಾಗ್ಯವಿರಲಿಲ್ಲ.

1880ರಲ್ಲಿ ಇಲ್ಲಿ ಹುಟ್ಟಿದ ವೀರೇಂದ್ರನಾಥರು ಐ.ಸಿ.ಎಸ್. ಪರೀಕ್ಷೆಗೆಂದು ಇಂಗ್ಲೆಂಡಿಗೆ ಹೋದರು. ಅದು ಕೈಗೂಡದೆ ಕಾನೂನು ಓದತೊಡಗಿದರು. ಸಾವರ್ಕರರ ಪರವಾಗಿ ‘ಟೈಮ್ಸ್’ ಪತ್ರಿಕೆಗೆ ಬರೆದ ಕಾಗದದ ದೆಸೆಯಿಂದ 1909ರಲ್ಲಿ ಮಿಡಲ್ ಟೆಂಪಲ್ ಅವರನ್ನು ಹೊರಗಟ್ಟಿತು. 1910ರಲ್ಲಿ ಬಂಧನದ ಭಯ ಬೆನ್ನಿಗೆ ಬಿದ್ದಾಗ ಪ್ಯಾರಿಸ್ಸಿಗೆ ದಾಟಿದರು. ಅಲ್ಲಿಂದಾಚೆಗೆ ಓಟವೇ ಓಟ. 1914ರಲ್ಲಿ ಬರ್ಲಿನ್, 1917ರಲ್ಲಿ ಸ್ಟಾಕ್‌ಹೋಮ್, ಮತ್ತೆ ಬರ್ಲಿನ್, ಕೊನೆಗೆ ಮಾಸ್ಕೋ ಮತ್ತು ಲೆನಿನ್‌ಗ್ರಾಡ್. ಹೋದಲ್ಲೆಲ್ಲ ಅಲ್ಲಿನ ಭಾಷೆ ಕಲಿತರು; ಭಾರತದ ಸ್ವಾತಂತ್ರ್ಯದ ಮಾತನ್ನೇ ಆಡಿದರು.

ಅವರು ಬರೆಯದ ಕಥೆಯನ್ನು ಇತರರು ಬರೆದರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಗೂಢಚಾರರಾಗಿದ್ದ ಸಾಮರ್‌ಸೆಟ್ ಮಾಮ್ 1928ರ ‘ಆಶೆಂಡೆನ್’ ಕಥೆಗಳಲ್ಲಿ ಚಂದ್ರಲಾಲ್ ಎಂಬ ಭಾರತೀಯ ಕ್ರಾಂತಿಕಾರನನ್ನು ತಂದರು. ವೀರೇಂದ್ರನಾಥರ ನೆರಳು ಅವನ ಮೇಲೆ ಬಿದ್ದಿದೆಯೆಂದು ಬಲ್ಲವರು ಹೇಳುತ್ತಾರೆ. ಪ್ರೇಯಸಿಯನ್ನು ಮುಂದಿಟ್ಟು ಬೀಸಿದ ಬಲೆಗೆ ಬಿದ್ದು ಅವನು ವಿಷ ಕುಡಿಯುತ್ತಾನೆ. ಬರ್ಲಿನ್ನಿನಲ್ಲಿ ಅವರೊಡನೆ ಬಾಳಿದ ಅಮೆರಿಕದ ಲೇಖಕಿ ಆಗ್ನೆಸ್ ಸ್ಮೆಡ್ಲಿ, 1943ರ ತಮ್ಮ ಪುಸ್ತಕದಲ್ಲಿ ಆ ಬಡತನವನ್ನೂ, ಬಡತನದಲ್ಲೂ ನಿಲ್ಲದ ಅತಿಥಿಗಳ ಸಾಲನ್ನೂ ಚಿತ್ರಿಸಿದರು. ಪಂಡಿತ ನೆಹರೂ ಯುರೋಪಿನಲ್ಲಿ ತಾವು ಕಂಡ ದೇಶಭ್ರಷ್ಟರ ಸಾಲಿನಲ್ಲಿ ಅವರನ್ನು ಮೆಚ್ಚಿ, 1936ರ ಆತ್ಮಕಥೆಯಲ್ಲಿ ನೆನೆದರು. ಉಳಿದದ್ದನ್ನು ಪೊಲೀಸರ ಕಡತಗಳು ಬರೆದುಕೊಂಡವು. ಶತ್ರುವಿಗೆ ಅವರೊಂದು ಬೇಟೆ, ಸಂಗಾತಿಗೊಂದು ನೋವು, ಮಿತ್ರರಿಗೊಂದು ಮರುಕ. ಆದರೆ ಮುಂಜಾನೆ ಬಾಗಿಲು ತಟ್ಟಿದ ಸದ್ದಿಗೆ ಅವರ ಎದೆ ಹೇಗೆ ಹೊಡೆದುಕೊಂಡಿತು, ಊರಿನ ಕಾಗದ ಬಾರದ ದಿನ ಏನನ್ನಿಸಿತು ಎಂದು ಹೇಳಬಲ್ಲವರು ಅವರೊಬ್ಬರೇ.

ಬ್ರಿಟಿಷರ ಕೈಗೆ ಸಿಗದೆ 27 ವರ್ಷ ನುಣುಚಿಕೊಂಡವರು ಕೊನೆಗೆ ಸಿಕ್ಕಿದ್ದು ತಾವು ನಂಬಿ ನಡೆದ ನಾಡಿಗೆ! ಸ್ಟಾಲಿನ್ ಆಳ್ವಿಕೆಯ ಸಾಮೂಹಿಕ ದಸ್ತಗಿರಿಯಲ್ಲಿ 1937ರ ಜುಲೈ ತಿಂಗಳಲ್ಲಿ ಅವರ ಬಂಧನವಾಯಿತು. ಸೆಪ್ಟೆಂಬರ್ 2ರಂದು ಗುಂಡಿಟ್ಟು ಕೊಂದರು. ಎಷ್ಟೋ ವರ್ಷ ನಿಜವಾದ ವರ್ತಮಾನವೇ ಹೊರಗೆ ಬರಲಿಲ್ಲ.

ವಾಚಕರೇ, ಪರಾರಿಯಾದವರ ಆತ್ಮಕಥೆಯನ್ನು ಓದುವಾಗ ನಾವು ಬರೆದವರ ಸಾಹಸಕ್ಕೆ ತಲೆದೂಗುತ್ತೇವೆ. ತಲೆದೂಗೋಣ, ತಪ್ಪೇನಿಲ್ಲ. ಆದರೆ ಅವರು ಸಾಹಸಿಗಳಷ್ಟೇ ಅಲ್ಲ, ಅದೃಷ್ಟವಂತರು ಕೂಡ: ಹೇಳಿಕೊಳ್ಳಲು ಉಳಿದು ಬಂದವರು. ಅವರ ಪಕ್ಕದಲ್ಲೇ ಓಡುತ್ತಿದ್ದು, ಒಂದು ಸಾಲನ್ನೂ ಬರೆಯಲಾಗದೆ ಹೋದವರಿಗೂ ನಮ್ಮ ಮನಸ್ಸಿನಲ್ಲಿ ಒಂದಿಷ್ಟು ಜಾಗವಿರಲಿ. ನಾಂಪಲ್ಲಿಯ ಕಡೆ ಹೋದಾಗ ಅಕ್ಕನ ಹೆಸರಿನೊಡನೆ ಆ ತಮ್ಮನ ಹೆಸರನ್ನೂ ಮಕ್ಕಳಿಗೆ ಹೇಳಿ.