ಅಮ್ಮನ ಶೋಕೇಸು ಮತ್ತು ಕಿಟ್ಶ್ ಅನ್ನೋ ಬೈಗುಳ

ಕಿಟ್ಶ್ ಅಂತ ಒಂದು ಜರ್ಮನ್ ಪದ ಇದೆ. ನಮ್ಮ ಹೊಟ್ಟೆಕಿಚ್ಚಿಗೂ, ಕಿಚ್ಚ ಸುದೀಪನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ :-) 1860-70ರ ದಶಕಗಳಲ್ಲಿ ಮ್ಯೂನಿಕ್ ನಗರದ ಚಿತ್ರ ವ್ಯಾಪಾರಿಗಳ ಬಾಯಲ್ಲಿ ಓಡಾಡಿದ ಮಾತು. ಅಗ್ಗದ, ಬೇಗ ಬಿಕರಿಯಾಗುವ ಚಿತ್ರಗಳಿಗೆ ಹಾಗನ್ನುತ್ತಿದ್ದರು. ಈಗ ಪ್ಲಾಸ್ಟಿಕ್ ತಾಜ್‌ಮಹಲು, ತಲೆಯ ಹಿಂದೆ ಲೈಟು ತಿರುಗುವ ದೇವರ ಫೋಟೋ, ಜಲಪಾತ ಇಳಿಯುವ ಗಡಿಯಾರ... ಎಲ್ಲಕ್ಕೂ ಅದೇ ಹೆಸರು. 'ಅಭಿರುಚಿ ಇಲ್ಲದವರ ಸಾಮಾನು' ಅಂತ ಒಳಾರ್ಥ.

ಅಮೆರಿಕದ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ 1939ರಲ್ಲಿ ಇದರ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದ. ಅವನ ವಾದ ಸ್ಥೂಲವಾಗಿ ಹೀಗಿದೆ: ಹಳ್ಳಿ ಬಿಟ್ಟು ಕಾರ್ಖಾನೆಯ ಊರಿಗೆ ಬಂದ ಜನ ಓದು ಕಲಿತರು, ಆದರೆ ತಮ್ಮ ಹಾಡು-ಹಸೆಗಳನ್ನು ಕಳೆದುಕೊಂಡರು. ಅವರ ಬೇಸರ ಕಳೆಯಲು ಮಾರುಕಟ್ಟೆ ಸಿದ್ಧ ಸರಕು ತಯಾರಿಸಿತು. ಅದರಲ್ಲಿ ಭಾವನೆಯೂ ಸಿದ್ಧವಾಗಿಯೇ ಬರುತ್ತದೆ, ನೋಡುವವನು ಕಷ್ಟಪಡಬೇಕಿಲ್ಲ.

ಮಾತು ಸುಳ್ಳಲ್ಲ. ಆದರೆ ಇದು ಅಂಗಡಿಯಲ್ಲಿರುವ ವಸ್ತುವಿನ ಬಗ್ಗೆ ಹೇಳಿದ ಮಾತು. ಅದೇ ವಸ್ತು ಮನೆಗೆ ಬಂದು ಇಪ್ಪತ್ತು ವರ್ಷ ಕೂತರೆ ಏನಾಗುತ್ತದೆ ಅನ್ನೋದು ಈ ವಾದದೊಳಗೆ ಬರುವುದಿಲ್ಲ.

ನಮ್ಮಮ್ಮನ ಶೋಕೇಸನ್ನೇ ತಗೊಳ್ಳಿ. ಅಪ್ಪ ಎಲ್‌ಟಿಸಿಯಲ್ಲಿ ಆಗ್ರಾಕ್ಕೆ ಕರೆದುಕೊಂಡು ಹೋದಾಗ ತಂದ ತಾಜ್‌ಮಹಲು, ಕನ್ಯಾಕುಮಾರಿಯ ಕಪ್ಪೆಚಿಪ್ಪಿನ ಗಣಪತಿ, ಒಂದು ಚಕ್ರ ಬಿದ್ದುಹೋದ ಚನ್ನಪಟ್ಟಣದ ಕುದುರೆ, ಇನ್ನೂ ಕವರ್ ಬಿಚ್ಚದ ಗೊಂಬೆ. ಕಳೆದ ವರ್ಷ ಫ್ಲ್ಯಾಟ್ ತಗೊಂಡಾಗ ಇಂಟೀರಿಯರ್ ಮಾಡಲು ಬಂದವನು ನೋಡಿ, "ಇದೆಲ್ಲ ಕ್ಲಟರ್ ಸಾರ್" ಅಂದ. ಆ ಜಾಗಕ್ಕೆ ಹಳೇ ಕಾಲದ್ದು ಅನ್ನಿಸುವ ಹಾಗೆ ಮಾಡಿದ ಹೊಸ ಹಿತ್ತಾಳೆ ಬಿಂದಿಗೆ, ಲಾಟೀನು ಇಟ್ಟು ಡಿಸೈನ್ ತೋರಿಸಿದ. ಅಮ್ಮ ಮೆಲ್ಲಗೆ, "ಹೋಗ್ಲಿ ಬಿಡೋ, ನಿನ್ನ ಮನೇಲಿ ಇದು ಚೆನ್ನಾಗಿ ಕಾಣಲ್ಲ" ಅಂದರು.

'ನಿನ್ನ ಮನೇಲಿ' ಅಂದರಲ್ಲ, ಅದು ಚುಚ್ಚಿತು. ಅಭಿರುಚಿಯ ಮಾತು ಮಾಡುವ ಕೆಲಸವೇ ಇದು. ಬೈದದ್ದು ಗೊಂಬೆಯನ್ನು, ನಾಚಿಕೊಂಡದ್ದು ಗೊಂಬೆ ಇಟ್ಟುಕೊಂಡವರು.

ನಿಜವಾಗಿ ಇಲ್ಲಿ ಕಿಟ್ಶ್ ಯಾವುದು ಹೇಳಿ? ಆ ಬಿಂದಿಗೆಯಲ್ಲಿ ನಮ್ಮ ಮನೆಯ ಯಾರೂ ನೀರು ಸೇದಿಲ್ಲ. ಆ ಲಾಟೀನಿನ ಬೆಳಕಲ್ಲಿ ನಮ್ಮವರು ಯಾರೂ ಓದಿಲ್ಲ. ಅದು ದುಡ್ಡು ಕೊಟ್ಟು ತಂದ ಬೇರೆಯವರ ನೆನಪು. ಸಿದ್ಧ ಭಾವನೆ ಅಂದರೆ ಅದೇ ಅಲ್ಲವೇ?

ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಲುಪಿಸಿದ. ಮುಂದೆ ಆ ಬಗೆಯ ಚಿತ್ರಗಳನ್ನೆಲ್ಲ 'ಕ್ಯಾಲೆಂಡರ್ ಆರ್ಟ್' ಅಂತ ಮೂಗು ಮುರಿದರು. ಈಗ ಆ ಹಳೇ ಪ್ರಿಂಟುಗಳನ್ನು ಸಂಗ್ರಹಕಾರರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಚಿತ್ರ ಬದಲಾಗಲಿಲ್ಲ, ಕೂಡಿಡುವವರು ಬದಲಾದರು, ಅಷ್ಟೇ.

ಹಾಗಾದರೆ ಜನ ಯಾಕೆ ಕೂಡಿಡುತ್ತಾರೆ? ಸ್ಟಾಂಪು, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಸೇರಿಸುವವರಿಗೆ ಸೆಟ್ ಪೂರ್ತಿ ಮಾಡುವ ಹುಚ್ಚು. ಶೋಕೇಸಿನ ಕಥೆ ಬೇರೆ. ನಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳೋದಾದರೆ ಅಲ್ಲಿರೋದೆಲ್ಲ ಪಾಯಿಂಟರ್‌ಗಳು. ಬೆಲೆ ಅವುಗಳಲ್ಲಿಲ್ಲ, ಅವು ಬೆರಳು ಮಾಡುವ ಜಾಗದಲ್ಲಿದೆ. ಪಾಯಿಂಟರ್ ಕಳೆದುಕೊಂಡರೆ ಡೇಟಾ ಮೆಮೊರಿಯಲ್ಲೇ ಎಲ್ಲೋ ಇರುತ್ತದೆ, ತಲುಪೋಕೆ ಮಾತ್ರ ಆಗೋಲ್ಲ. ಅದನ್ನೇ ನಾವು ಮೆಮೊರಿ ಲೀಕ್ ಅನ್ನೋದು!

ನಮ್ಮ ಹಳೇ ಮೈಸೂರು ಕಡೆಯ ಗೊಂಬೆ ಹಬ್ಬಕ್ಕೆ ಇದು ಚೆನ್ನಾಗಿ ಗೊತ್ತು. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಯ ಕೆಳಗಿನ ಮೆಟ್ಟಿಲಲ್ಲೇ ಪ್ಲಾಸ್ಟಿಕ್ ಕ್ರಿಕೆಟ್ ಟೀಮು ಕೂತಿರುತ್ತದೆ. ಯಾರಿಗೂ ಮುಜುಗರ ಇಲ್ಲ. ವರ್ಷಕ್ಕೊಮ್ಮೆ ಇಳಿಸಿ, ಧೂಳು ಒರೆಸಿ, "ಇದು ನಿಮ್ಮಜ್ಜಿ ತಂದಿದ್ದು" ಅಂತ ಹೇಳಿ, ಮತ್ತೆ ಬಟ್ಟೆ ಸುತ್ತಿ ಇಡುತ್ತಾರೆ. ಹಾಗೆ ಹೇಳೋಕೆ ಅಂತಲೇ ಕೂಡಿಡೋದು ಅಂತ ನನ್ನ ಅನಿಸಿಕೆ.

ಕಂಡದ್ದೆಲ್ಲ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಮನೆ ಗೋಡೌನ್ ಆಗಬಾರದು. ನನ್ನದೊಂದು ಸರಳ ಪರೀಕ್ಷೆ ಇದೆ. "ಇದು ಎಲ್ಲಿಂದ ಬಂತು?" ಅಂತ ಕೇಳಿ. ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು ಬಂದರೆ ಇರಲಿ. ಬರೀ ಅಂಗಡಿಯ ಹೆಸರು ಬಂದರೆ ಸಾಗಹಾಕಿ. ಈ ಪರೀಕ್ಷೆಯಲ್ಲಿ ಅಮ್ಮನ ಶೋಕೇಸು ಪಾಸು, ಲಾಟೀನು ಫೇಲು. ಶೋಕೇಸು ಈಗ ಹಾಲಿನಲ್ಲೇ ಇದೆ.

ನಿಮ್ಮ ಮನೆಯ ಶೋಕೇಸಿನಲ್ಲಿ ಅತಿ 'ಕಳಪೆ' ಅನ್ನಿಸುವ ಸಾಮಾನು ಯಾವುದು? ಯಾರು ತಂದದ್ದು? ಕಾಮೆಂಟಲ್ಲಿ ಬರೀರಿ. ನಗೋಲ್ಲ, ಪ್ರಾಮಿಸ್ :-)