ತೂಗಿದ ಮಾತ್ರಕ್ಕೆ ತಿಳಿದಂತಾಯಿತೇ?

ಪ್ರೋಟಾನಿನ ದ್ರವ್ಯರಾಶಿಯನ್ನು ಅಳೆದಾಗಿದೆ, 938.27 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್), ಅದನ್ನೇ ಮತ್ತೆ ಲೆಕ್ಕ ಹಾಕಲು ಸೂಪರ್‌ಕಂಪ್ಯೂಟರುಗಳನ್ನು ದುಡಿಸುವುದು ದಂಡದ ಖರ್ಚು ಎಂದು ಲೇಖಕರೊಬ್ಬರು ಷರಾ ಬರೆದಿದ್ದಾರೆ. ಓದಲು ಸೊಗಸಾಗಿದೆ. ಆದರೆ ಆ ತೂಕ ಬಂದದ್ದೆಲ್ಲಿಂದ? ಒಳಗಿರುವ ಮೂರು ಕ್ವಾರ್ಕುಗಳದ್ದು ಕೂಡಿಸಿದರೆ ಹತ್ತು ಎಂಇವಿಯೂ ದಾಟದು. ಉಳಿದದ್ದೆಲ್ಲ ಕ್ವಾರ್ಕುಗಳ ಮತ್ತು ಅವನ್ನು ಬಂಧಿಸುವ ಗ್ಲುವಾನುಗಳ ಶಕ್ತಿ, ಕಾಗದದ ಮೇಲೆ ಬಿಡಿಸಲು ಬಾರದ ಲೆಕ್ಕ. 1974ರಲ್ಲಿ ಕೆನೆತ್ ವಿಲ್ಸನ್ ದೇಶಕಾಲವನ್ನೇ ಚೌಕಳಿ ಜಾಲವಾಗಿಸಿದ ಮೇಲೆ ಅದಕ್ಕೊಂದು ದಾರಿ ಸಿಕ್ಕಿತು.

ಉತ್ತರವನ್ನು ಮೊದಲೇ ಒಳಗೆ ತುರುಕಿ ಹೊರತೆಗೆಯುತ್ತಾರೆ ಎಂಬ ಲೇಖಕರ ಆರೋಪವಂತೂ ನಿಲ್ಲುವುದೇ ಇಲ್ಲ. 2008ರ ಪ್ರಸಿದ್ಧ ಜಾಲ ಲೆಕ್ಕಕ್ಕೆ ಕೊಟ್ಟದ್ದು ಪಯಾನ್, ಕೇಯಾನ್, ಕ್ಸೈ ಎಂಬ ಮೂರು ಕಣಗಳ ದ್ರವ್ಯರಾಶಿ ಮಾತ್ರ. ಜಾಲದ ಬಿಂದುಗಳ ಅಂತರವನ್ನು ಮೂರು ಬಗೆಯಲ್ಲಿಟ್ಟು, ಅಂತರ ಸೊನ್ನೆಯಾದರೆ ಏನಾಗುತ್ತದೆಂದು ನೋಡಿದರು. ನ್ಯೂಕ್ಲಿಯಾನಿಗೆ (ಪ್ರೋಟಾನ್ ಅಥವಾ ನ್ಯೂಟ್ರಾನಿಗೆ) ಬಂದದ್ದು 936 ಎಂಇವಿ, ಕೆಲವು ಶೇಕಡಾ ಅನಿಶ್ಚಯದೊಂದಿಗೆ.

ಇನ್ನೊಂದು ಉದಾಹರಣೆ: ನ್ಯೂಟ್ರಾನ್ ಪ್ರೋಟಾನಿಗಿಂತ 1.29 ಎಂಇವಿ ಹೆಚ್ಚು ಭಾರ. ವಿದ್ಯುದಾವೇಶವೊಂದೇ ಕಾರಣವಾಗಿದ್ದರೆ ಪ್ರೋಟಾನೇ ಭಾರವಾಗಬೇಕಿತ್ತು. ಆಗ ಜಲಜನಕವೂ ಇಲ್ಲ, ಟೀಕಿಸುವ ಲೇಖಕರೂ ಇಲ್ಲ! ಕ್ವಾರ್ಕುಗಳ ತೂಕದ ವ್ಯತ್ಯಾಸ ಸುಮಾರು 2.5 ಎಂಇವಿ ಕೂಡಿಸುತ್ತದೆ, ವಿದ್ಯುತ್ಕಾಂತ ಬಲ ಸುಮಾರು 1 ಕಳೆಯುತ್ತದೆ ಎಂದು ತೋರಿಸಿದ್ದು 2015ರ ಜಾಲ ಲೆಕ್ಕ. ಯಾವ ತಕ್ಕಡಿಯೂ ಈ ಎರಡನ್ನು ಬಿಡಿಬಿಡಿಯಾಗಿ ತೂಗದು.

ಲೇಖಕರ ಒಂದು ಮಾತು ಮಾತ್ರ ಸರಿ: ನಿಖರತೆ ಇನ್ನೂ ಸಾಲದು. ನ್ಯೂಟ್ರಾನ್ ಎಷ್ಟು ಬೇಗ ಕ್ಷಯಿಸುತ್ತದೆಂಬುದನ್ನು ನಿರ್ಧರಿಸುವ ಅಕ್ಷೀಯ ಆವೇಶವನ್ನು 2018ರಲ್ಲಿ ಶೇಕಡಾ 1ರ ಮಟ್ಟಿಗೆ ಲೆಕ್ಕ ಹಾಕಿದರು. ಪ್ರಯೋಗ ಅದಕ್ಕಿಂತ ಎಷ್ಟೋ ಮುಂದಿದೆ. ಜಾಲ ಲೆಕ್ಕದಲ್ಲಿ ಕಾಲದ ಅಂತರ ಹೆಚ್ಚಿದಂತೆ ಸಂಕೇತ ಗದ್ದಲದಲ್ಲಿ ಮುಳುಗಿಹೋಗುತ್ತದೆ. ನ್ಯೂಟ್ರಾನುಗಳನ್ನು ಬಾಟಲಿಯಲ್ಲಿ ಹಿಡಿದಿಡುವ ಮತ್ತು ಕಿರಣಪುಂಜವಾಗಿ ಹರಿಸುವ ಪ್ರಯೋಗಗಳು ಅವುಗಳ ಆಯುಸ್ಸನ್ನು ಸುಮಾರು 10 ಸೆಕೆಂಡು ಬೇರೆಬೇರೆಯಾಗಿ ಹೇಳುತ್ತಿವೆ. ಆ ಜಗಳದಲ್ಲಿ ಜಾಲ ಲೆಕ್ಕ ಸಾಕ್ಷಿ ಹೇಳಬೇಕಾದರೆ ಆ ಒಂದು ಶೇಕಡಾ ಹಲವು ಪಟ್ಟು ಇಳಿಯಬೇಕು, ಅದಕ್ಕೆ ಇನ್ನಷ್ಟು ಕಂಪ್ಯೂಟರ್ ಸಮಯ ಬೇಕು.