ಮಾನಿಟರಿನಲ್ಲಿ ಚಿತ್ರ ಮೂಡದಿದ್ದರೆ

ಗಣಕಯಂತ್ರವು ಇತ್ತೀಚೆಗೆ ಗೃಹಸ್ಥರ ಮನೆಗಳಲ್ಲಿ ಮಂಚ ಕಪಾಟುಗಳಂತೆ ಒಂದು ಸಾಧಾರಣ ವಸ್ತುವಾಗಿಬಿಟ್ಟಿರುವುದಷ್ಟೆ. ಮಕ್ಕಳ ಪಾಠ, ಪರೀಕ್ಷೆಯ ಅರ್ಜಿ, ಮನೆಯ ಲೆಕ್ಕ, ಪರದೇಶದಲ್ಲಿರುವ ಮಗಳ ಮುಖದರ್ಶನ, ಇವೆಲ್ಲವೂ ಆ ಒಂದು ತೆರೆಯ ಮೇಲೆಯೇ ನಡೆಯತಕ್ಕವು. ಹೀಗಿರಲು ಒಂದು ದಿನ ಗುಂಡಿಯನ್ನು ಒತ್ತಿದರೂ ತೆರೆಯು ಕಾಡಿಗೆಯಂತೆ ಕಪ್ಪಾಗಿಯೇ ಉಳಿದರೆ ಮನೆಯವರಿಗಾಗುವ ಗಾಬರಿ ಅಷ್ಟಿಷ್ಟಲ್ಲ. ಕೆಲವರು ಎಲ್ಲವೂ ಹೋಯಿತೆಂದು ಕೈಚೆಲ್ಲಿ ಕುಳಿತುಬಿಡುವರು. ಕೆಲವರು ಮಾನಿಟರಿನ ನೆತ್ತಿಯ ಮೇಲೆ ನಾಲ್ಕು ಏಟು ಹಾಕುವರು. ಈ ಎರಡನೆಯ ಚಿಕಿತ್ಸೆಯು ಹಳೆಯ ರೇಡಿಯೋಗಳ ಕಾಲದಿಂದ ಬಂದುದು. ತೆಳುಗಾಜಿನ ಈಗಿನ ತೆರೆಗಳಿಗೆ ಅದು ಸಲ್ಲದು.

ಎಲ್ಲಕ್ಕಿಂತ ಮೊದಲು ತಿಳಿಯತಕ್ಕ ಅಂಶವೊಂದುಂಟು. ಚಿತ್ರ ಕಾಣದ ಮಾತ್ರಕ್ಕೆ ಒಳಗಿನ ಬರೆಹ ಅಳಿಯುವುದಿಲ್ಲ. ಕಡತಗಳೂ ಭಾವಚಿತ್ರಗಳೂ ಇರುವುದು ಪೆಟ್ಟಿಗೆಯೊಳಗಿನ ಡಿಸ್ಕಿನಲ್ಲಿ. ಮಾನಿಟರು ಅವುಗಳನ್ನು ತೋರಿಸುವ ಕನ್ನಡಿ ಮಾತ್ರ. ಇದನ್ನು ಅರಿಯದ ಕಾರಣ ನಮ್ಮ ನೆರೆಯ ಮನೆಯವರೊಬ್ಬರು ಅನುಭವಿಸಿದ ನಷ್ಟವನ್ನು ಇಲ್ಲಿ ಹೇಳದೆ ಇರಲಾರೆವು. ಆ ಮನೆಯ ಹಿರಿಯರು ತೀರಿಕೊಂಡು ವರ್ಷ ತುಂಬಿರಲಿಲ್ಲ. ಅವರ ಕಡೆಯ ದಿನಗಳ ಚಿತ್ರಗಳೂ, ಅವರು ತಾವೇ ಕುಳಿತು ಬೆರಳಚ್ಚು ಮಾಡಿದ್ದ ಮನೆತನದ ವಂಶಾವಳಿಯೂ ಆ ಪೆಟ್ಟಿಗೆಯಲ್ಲಿಯೇ ಇದ್ದುವು, ಬೇರೆಡೆ ಪ್ರತಿಯಿರಲಿಲ್ಲ. ತೆರೆ ಕಪ್ಪಾಯಿತೆಂದು ಪೆಟ್ಟಿಗೆಯನ್ನು ಒಂದು ಅಂಗಡಿಗೆ ಹೊತ್ತರು. ಅಂಗಡಿಯವನು ತನ್ನ ತಂತಿಯನ್ನೂ ತನ್ನ ತೆರೆಯನ್ನೂ ಜೋಡಿಸಿ ನೋಡಿದಾಗ ಚಿತ್ರ ಸರಿಯಾಗಿಯೇ ಬಂದಿತು. ಅಲ್ಲಿಗೆ ನಿಲ್ಲಿಸಬಾರದಾಗಿತ್ತೆ? ತಂತ್ರಾಂಶದ ದೋಷವಿರಬೇಕೆಂದು ತಾನೇ ನಿಶ್ಚಯಿಸಿ, ಯಾರನ್ನೂ ಕೇಳದೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಕಳುಹಿದನು. ಮನೆಗೆ ತಂದು ಜೋಡಿಸಿದರೆ ತೆರೆ ಮತ್ತೆ ಕಪ್ಪೇ. ದೋಷವಿದ್ದುದು ಮನೆಯಲ್ಲಿಯೇ ಉಳಿದಿದ್ದ ಒಂದು ಗೇಣುದ್ದದ ತಂತಿಯಲ್ಲಿ.

ಆದುದರಿಂದ ಪೆಟ್ಟಿಗೆಯನ್ನು ಹೊರುವುದಕ್ಕೆ ಮುಂಚೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯ ಕ್ರಮವನ್ನು ಈ ಸಲ ಬರೆಯುತ್ತೇವೆ.

ಮಾನಿಟರಿನ ಅಂಚಿನಲ್ಲಿ ಒಂದು ಪುಟ್ಟ ದೀಪವಿರುವುದು. ಅದು ಉರಿಯುತ್ತಿಲ್ಲವಾದರೆ ವಿದ್ಯುತ್ತೇ ತಲುಪಿಲ್ಲವೆಂದು ಊಹಿಸಬಹುದು. ಗೋಡೆಯ ಸ್ವಿಚ್ಚನ್ನು ನೋಡಿರಿ. ಅದೇ ಪ್ಲಗ್ಗಿನ ತೂತಿಗೆ ಮೊಬೈಲಿನ ಚಾರ್ಜರನ್ನು ಸಿಕ್ಕಿಸಿ ನೋಡಿರಿ. ಮಾನಿಟರಿನ ಹಿಂಬದಿಯಲ್ಲಿ ವಿದ್ಯುತ್ತಿನ ತಂತಿಯು ಸಡಿಲವಾಗಿದೆಯೇ ಎಂದು ಒತ್ತಿ ನೋಡಿರಿ. ಕಸ ಗುಡಿಸುವಾಗ ಪೊರಕೆಯ ತುದಿ ತಗುಲಿ ತಂತಿ ಜಾರುವುದು ಬಹಳ ಸಾಮಾನ್ಯ.

ದೀಪವು ಕಿತ್ತಳೆಯ ಬಣ್ಣದಲ್ಲಿ ಉರಿಯುತ್ತಲೋ ಮಿಣುಕುತ್ತಲೋ ಇದ್ದರೆ ಸಾಮಾನ್ಯವಾಗಿ ಮಾನಿಟರು ನಿದ್ರಿಸುತ್ತಿದೆಯೆಂದೂ, ಪೆಟ್ಟಿಗೆಯಿಂದ ಅದಕ್ಕೆ ಯಾವ ಸಂಕೇತವೂ ಬರುತ್ತಿಲ್ಲವೆಂದೂ ಅರ್ಥ. ತೆರೆಯ ಮೇಲೆ ‘ನೋ ಸಿಗ್ನಲ್’ ಎಂಬ ಅಕ್ಷರಗಳು ಕ್ಷಣಕಾಲ ಮೂಡಿದರಂತೂ ಅದನ್ನು ಆಪ್ತವಾಕ್ಯವೆಂದೇ ಗ್ರಹಿಸತಕ್ಕದ್ದು. ಅಷ್ಟು ಅಕ್ಷರ ತೋರಿಸಿದ ತೆರೆಯು ಬದುಕಿದೆಯಲ್ಲವೆ! ಮಾನಿಟರ್ ಎಂಬ ಶಬ್ದವು ಎಚ್ಚರಿಸುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ತರಗತಿಯ ಗದ್ದಲವನ್ನು ಬಂದು ತಿಳಿಸುವ ಹುಡುಗನಿಗೂ ಇದೇ ಹೆಸರಿತ್ತು. ಗದ್ದಲ ಮಾಡಿದವರು ಬೇರೆಯವರಾದರೂ ಕೆಲವು ಉಪಾಧ್ಯಾಯರು ವರದಿ ತಂದ ಹುಡುಗನಿಗೇ ಮೊದಲ ಏಟು ಕೊಡುತ್ತಿದ್ದುದುಂಟು.

ಇನ್ನು ಮಾನಿಟರಿಗೆ ಎರಡು ಮೂರು ದ್ವಾರಗಳಿದ್ದು, ಅದು ತಂತಿಯಿಲ್ಲದ ದ್ವಾರವನ್ನು ಕಾಯುತ್ತ ಕುಳಿತಿರಬಹುದು. ಕೆಳಗೋ ಹಿಂದೆಯೋ ಇರುವ ಗುಂಡಿಗಳಿಂದ ‘ಇನ್‌ಪುಟ್’ ಅಥವಾ ‘ಸೋರ್ಸ್’ ಎಂಬುದನ್ನು ಬದಲಾಯಿಸಿ ನೋಡತಕ್ಕದ್ದು. ಪೆಟ್ಟಿಗೆಯಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ತಂತಿಯನ್ನು ಆ ಕಾರ್ಡಿನ ದ್ವಾರಕ್ಕೇ ಸೇರಿಸಬೇಕು. ಮನೆ ಬದಲಾಯಿಸಿದವರಲ್ಲಿ ಈ ತಪ್ಪು ಹೆಚ್ಚು.

ಇಷ್ಟಾದರೂ ಚಿತ್ರ ಬಾರದಿದ್ದಲ್ಲಿ ತರ್ಕಶಾಸ್ತ್ರದವರ ಅನ್ವಯವ್ಯತಿರೇಕವನ್ನು ನಾವು ನೆನೆಯುತ್ತೇವೆ. ಯಾವುದು ಇದ್ದರೆ ದೋಷವಿರುವುದೋ, ಯಾವುದನ್ನು ತೆಗೆದರೆ ದೋಷವು ಹೋಗುವುದೋ, ಅದೇ ಕಾರಣ. ಇದನ್ನು ಪ್ರಯೋಗಿಸುವುದಕ್ಕೆ ಬೇಕಾದ ಸಾಮಗ್ರಿಯು ನಡುಮನೆಯ ಟೀವಿಯ ಬಳಿಯೇ ಇರುವುದು. ಈಚಿನ ಟೀವಿಗಳಿಗೂ ಸೆಟ್‌ಟಾಪ್ ಪೆಟ್ಟಿಗೆಗಳಿಗೂ ಹೆಚ್ಚಿನ ಮಾನಿಟರುಗಳಿಗೂ ಎಚ್‌ಡಿಎಂಐ ಎಂಬ ಒಂದೇ ಬಗೆಯ ತಂತಿ ಹೊಂದುತ್ತದೆ. ಸೆಟ್‌ಟಾಪ್ ಪೆಟ್ಟಿಗೆಯನ್ನು ಅದರ ತಂತಿಯ ಸಮೇತ ತಂದು ಮಾನಿಟರಿಗೆ ಜೋಡಿಸಿರಿ. ವಾರ್ತೆಯೋ ಧಾರಾವಾಹಿಯೋ ಕಂಡಿತೆಂದರೆ ಮಾನಿಟರು ನಿರ್ದೋಷಿ, ತಂತಿಯೂ ನಿರ್ದೋಷಿ. ಸದ್ದು ಬಾರದಿದ್ದರೆ ಚಿಂತೆಯಿಲ್ಲ. ಅನೇಕ ಮಾನಿಟರುಗಳಿಗೆ ಧ್ವನಿಯೇ ಇರುವುದಿಲ್ಲ. ಬಳಿಕ ಅದೇ ತಂತಿಯನ್ನು ಗಣಕಯಂತ್ರಕ್ಕೆ ಹಾಕಿರಿ. ಈಗ ಚಿತ್ರ ಬಂದರೆ ಅಪರಾಧಿಯು ಹಳೆಯ ತಂತಿ; ಬಾರದಿದ್ದರೆ ಪೆಟ್ಟಿಗೆ. ಧಾರಾವಾಹಿಯೇ ಕಾಣದಿದ್ದಲ್ಲಿ ಗಣಕಯಂತ್ರವನ್ನು ಟೀವಿಗೆ ಜೋಡಿಸಿ ನೋಡಿರಿ. ಅಲ್ಲಿ ಚಿತ್ರ ಬಂದರೆ ದುರಸ್ತಿ ಬೇಕಾದುದು ಮಾನಿಟರಿಗೆ. ನೀಲಿ ತಲೆಯ, ಹದಿನೈದು ಸೂಜಿಗಳ ಹಳೆಯ ವಿಜಿಎ ತಂತಿಯೊಂದೇ ಇರುವ ಮಾನಿಟರುಗಳಿಗೆ ಈ ಉಪಾಯ ನಡೆಯದು. ಅವರು ಸೂಜಿಗಳಲ್ಲಿ ಯಾವುದಾದರೂ ಬಾಗಿದೆಯೇ ಎಂದು ನೋಡಿ, ನೆರೆಯವರಲ್ಲಿ ತಂತಿಯನ್ನು ಎರವಲು ಕೇಳತಕ್ಕದ್ದು.

ದೀಪವು ನೀಲಿಯಾಗಿಯೋ ಬಿಳಿಯಾಗಿಯೋ ಸ್ಥಿರವಾಗಿದ್ದು ತೆರೆ ಮಾತ್ರ ಕಪ್ಪಾಗಿದ್ದರೆ, ಕೋಣೆಯನ್ನು ಕತ್ತಲೆ ಮಾಡಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಸುಕುಮಸುಕಾಗಿ ಚಿತ್ರ ಕಂಡರೆ ತೆರೆಯ ಹಿಂದಿನ ಬೆಳಕು ಕೆಟ್ಟಿದೆಯೆಂದು ತಿಳಿಯಬೇಕು. ಅದು ಮನೆಯ ಕೆಲಸವಲ್ಲ.

ಪೆಟ್ಟಿಗೆಯ ಕಡೆಗೆ ಸಂಶಯ ತಿರುಗಿದಾಗ ಕೀಲಿಮಣೆಯಲ್ಲಿ ‘ಕ್ಯಾಪ್ಸ್ ಲಾಕ್’ ಎಂಬುದನ್ನು ಒತ್ತಿರಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರವು ಎಚ್ಚರವಾಗಿಯೇ ಇದೆ. ವಿಂಡೋಸ್ ಯಂತ್ರಗಳಲ್ಲಿ ವಿಂಡೋಸ್ ಚಿಹ್ನೆಯ ಕೀಲಿ, ಕಂಟ್ರೋಲ್, ಶಿಫ್ಟ್, ಬಿ, ಈ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಚಿತ್ರದ ವಿಭಾಗವು ಹೊಸದಾಗಿ ಆರಂಭವಾಗುವುದು. ಎಷ್ಟೋ ವೇಳೆ ಅಷ್ಟರಿಂದಲೇ ತೆರೆ ಬೆಳಗುತ್ತದೆ. ಫ್ಯಾನು ತಿರುಗುತ್ತಿದ್ದು ಬೇರೇನೂ ನಡೆಯದಿದ್ದರೆ ರ‍್ಯಾಮ್ ಎಂಬ ಸ್ಮೃತಿಪಟ್ಟಿಯು ಸರಿಯಾಗಿ ಕುಳಿತಿಲ್ಲದಿರಬಹುದು. ಕೈಪಳಗಿದವರು ಪ್ಲಗ್ಗನ್ನು ಪೂರ್ತಿ ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ಆ ಪಟ್ಟಿಯನ್ನು ಬಿಡಿಸಿ, ‘ಟಿಕ್’ ಎಂದು ಕೂರುವಂತೆ ಮತ್ತೆ ಒತ್ತಬಹುದು. ಮಿಕ್ಕವರು ಅಲ್ಲಿಗೆ ಕೈಯಿಡದಿರುವುದು ಲೇಸು. ಮಾನಿಟರಿನ ಬೆನ್ನನ್ನಂತೂ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೆಯೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುವುದು; ಪೆಟ್ಟಿಗೆಯಾಕಾರದ ಹಳೆಯ ಮಾನಿಟರುಗಳಲ್ಲಿ ಅದು ಪ್ರಾಣಾಪಾಯಕರ.

ಕಡೆಗೆ ಅಂಗಡಿಗೇ ಒಯ್ಯಬೇಕಾದರೆ ಪೆಟ್ಟಿಗೆ, ಮಾನಿಟರು, ನಡುವಣ ತಂತಿ, ಮೂರನ್ನೂ ಕೂಡಿಯೇ ಒಯ್ಯಿರಿ. ಮಾಡಿ ನೋಡಿದ ಪರೀಕ್ಷೆಗಳನ್ನು ಒಂದು ಚೀಟಿಯಲ್ಲಿ ಬರೆದು, ‘ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಕೂಡದು’ ಎಂದು ದೊಡ್ಡ ಅಕ್ಷರಗಳಲ್ಲಿ ಸೇರಿಸಿ, ಪೆಟ್ಟಿಗೆಯ ಮೇಲೆಯೇ ಅಂಟಿಸತಕ್ಕದ್ದು.